ನನ್ನ ರಾಗಿ ಸರಿ, ಮಗಳ ಮೀಟಿಂಗು

ನಮ್ಮದು ಚನ್ನಗಿರಿಯ ಹಳೇ ಮನೆ. ಮಣ್ಣಿನ ಗೋಡೆ, ಎರಡಡಿ ದಪ್ಪ. ಬಾಣಂತನಕ್ಕೆ ಬಂದ ಮಗಳು, ರಜೆ ಮುಗಿದ ಮೇಲೂ ಏಳು ತಿಂಗಳ ಕೂಸಿನ ಜೊತೆ ಇಲ್ಲೇ ಇದ್ದು ಬೆಂಗಳೂರಿನ ಕಂಪನಿಯ ಕೆಲಸ ಮಾಡ್ತಿದ್ದಾಳೆ.

ಮೀಟಿಂಗಿನಲ್ಲಿ ಅವಳ ಮಾತು ತುಂಡು ತುಂಡಾಗಿ ಹೋಗುತ್ತಿತ್ತು. ಹೀಗೇ ಆದರೆ ಆಫೀಸಿಗೇ ಬಂದುಬಿಡಿ ಅಂದರಂತೆ ಮ್ಯಾನೇಜರು. ಕೂಸನ್ನು ಎಲ್ಲಿ ಬಿಡೋದು? ಜಗಳೂರಿನ ಬೀಗಿತ್ತಿಗೆ ಮಂಡಿನೋವು. ನಾನು ನಮ್ಮ ಯಜಮಾನರನ್ನು ಬಿಟ್ಟು ಹೋಗುವ ಹಾಗಿಲ್ಲ. ರಾತ್ರಿ ಕೂಸಿಗೆ ಹಾಲು ಕುಡಿಸುತ್ತಾ ಅವಳು ಅತ್ತಿದ್ದು ನನಗೆ ಕೇಳಿಸಿತು.

ಕಂಪ್ಯೂಟರ್ ಓದಿದ ನನ್ನ ಅಣ್ಣನ ಮಗ ಹೊನ್ನಾಳಿಯಿಂದ ಬಂದ. ಇಂಟರ್ನೆಟ್ ತಂಟೆಗೇ ಹೋಗದೆ, ಮನೆಯ ರೂಟರಿಗೆ ಮಾತ್ರ ‘ಪಿಂಗ್’ ಕಳಿಸಿ ನೋಡಿದ. ಹೋಗಿ ಬರಲು ಒಮ್ಮೆ 4 ಮಿಲಿಸೆಕೆಂಡು, ಮರುಕ್ಷಣ 300, ಆಮೇಲೆ ಉತ್ತರವೇ ಇಲ್ಲ.

“ಅತ್ತೇ, ಹೊರಗಿನ ಲೈನಿನ ತಪ್ಪಲ್ಲ, ಒಳಗಿನ ವೈಫೈದು.”

“100 ಎಂಬಿಪಿಎಸ್ ಇದೆಯಲ್ಲೋ, ಟೀವೀಲಿ ಸಿನಿಮಾ ಚೆನ್ನಾಗೇ ಓಡುತ್ತೆ!”

“ಭದ್ರಾ ನಾಲೆ ತುಂಬಾ ನೀರಿದ್ರೂ ಸರದಿ ಬರದೆ ಗದ್ದೆಗೆ ಬರುತ್ತಾ?” ಅಂದ. ಒಂದು ಚಾನೆಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕಂತೆ. ಉಳಿದ ಫೋನು, ಟೀವಿ, ಅದೇ ಚಾನೆಲಿನ ಪಕ್ಕದ ಮನೆ ರೂಟರು ಎಲ್ಲ ಕಾಯಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎರಡೂ ಹಾಳು, ಮತ್ತೆ ಕಳಿಸಬೇಕು. ಸಿನಿಮಾ ಮುಂದಿನದನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಮಾತಿಗೆ ಆ ಪುರುಸೊತ್ತಿಲ್ಲ.

ಅಷ್ಟರಲ್ಲಿ ನಾನು ಕೂಸಿನ ರಾಗಿ ಸರಿ ಬಿಸಿ ಮಾಡಲು, ಮಗಳೇ ತಂದುಕೊಟ್ಟ ಮೈಕ್ರೋವೇವ್ ಓವನ್ ಒತ್ತಿದೆ. ಪಿಂಗ್ ಸತ್ತೇ ಹೋಯ್ತು! ಹುಡುಗ ನನ್ನ ಮುಖ ನೋಡಿ ನಕ್ಕ. ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ನಮ್ಮ ವೈಫೈ ಕೂಡ 2.4ರಲ್ಲೇ. ಮಗಳ ಮೀಟಿಂಗೂ ಕೂಸಿನ ಊಟವೂ ದಿನಾ ಹನ್ನೆರಡಕ್ಕೆ. ತಿಂಗಳಿಂದ ಅವಳ ಮಾತು ಕತ್ತರಿಸುತ್ತಿದ್ದವಳು ನಾನೇ!

5 ಗಿಗಾಹರ್ಟ್ಸಿಗೆ ಓವನ್ ಕಾಟವಿಲ್ಲ, ಆದರೆ ಅದು ನಮ್ಮ ಗೋಡೆ ದಾಟಿ ಮಗಳ ಕೋಣೆಗೆ ಬರಲಿಲ್ಲ. ಕೊನೆಗೆ ತೊಲೆಗುಂಟ ಇಪ್ಪತ್ತು ಮೀಟರ್ ಲ್ಯಾನ್ ಕೇಬಲ್ ಎಳೆದು ಲ್ಯಾಪ್‌ಟಾಪಿಗೇ ಚುಚ್ಚಿದ. ಪಿಂಗ್ 1 ಮಿಲಿಸೆಕೆಂಡಿನ ಹತ್ತಿರ ಬಂದು ನಿಂತಿತು. ನಮ್ಮ ಫೋನುಗಳಿಗಾಗಿ ರೂಟರನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ತೆಗೆದು ಪಡಸಾಲೆಗೆ ತಂದ. ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲುಗಳಲ್ಲಿ ಅಕ್ಕಪಕ್ಕದವರು ಬಳಸದ 11 ಆರಿಸಿದ. ಕರೆಂಟು ಹೋದರೆ ಇರಲಿ ಅಂತ ಒಂದು ಪುಟ್ಟ ಯುಪಿಎಸ್ಸು.

ಹತ್ತು ದಿನವಾಯ್ತು, ಮ್ಯಾನೇಜರು ಮತ್ತೆ ಆ ಮಾತೆತ್ತಿಲ್ಲವಂತೆ. ಕೇಬಲಿಗೆ ಓವನ್ ಏನೂ ಮಾಡಲ್ಲ ಅಂತ ಮಗಳು ಹೇಳ್ತಾನೇ ಇದ್ದಾಳೆ. ಆದರೂ ಹನ್ನೆರಡು ಹೊಡೆದರೆ ರಾಗಿ ಸರಿ ಪಾತ್ರೆ ಗ್ಯಾಸಿನ ಮೇಲೇ ಇಡ್ತೀನಿ. ನನಗೆ ಧೈರ್ಯ ಸಾಲದು.