ಬೆಟ್ಟದ ನಾಡಿಗೆ ಒಂದೇ ಸೈಕಲ್

ವಯನಾಡನ್ನು ನೋಡಲು ಬರುವ ನಮ್ಮ ಸಮಾಜದ ಬಾಂಧವರು ಸಾಮಾನ್ಯವಾಗಿ ಕಾರಿನಲ್ಲಿ ಬರುತ್ತಾರೆ. ಗುಂಡ್ಲುಪೇಟೆ ಬಿಟ್ಟು ಕಾಡು ದಾಟಿ, ಸುಲ್ತಾನ್ ಬತ್ತೇರಿಯ ಬಸದಿ ನೋಡಿ, ಕಲ್ಪೆಟ್ಟದಲ್ಲಿ ಊಟ ಮುಗಿಸಿ, ಸಂಜೆಯೊಳಗೆ ಘಾಟಿ ಇಳಿದು ಕಲ್ಲಿಕೋಟೆ ಸೇರುತ್ತಾರೆ. ನಾಡನ್ನು ನೋಡಿದಂತೆಯೂ ಆಯಿತು, ನೋಡದಂತೆಯೂ ಆಯಿತು. ಇಲ್ಲಿಯೇ ಹುಟ್ಟಿ, ಕಾಫಿ ಮತ್ತು ಕಾಳುಮೆಣಸಿನ ವ್ಯಾಪಾರದಲ್ಲಿ ತಲೆ ನರೆತ ನಾವು ಈಗ ಮೂರು ವರ್ಷಗಳಿಂದ ಇದೇ ನಾಡನ್ನು ಸೈಕಲ್ಲಿನ ಮೇಲೆ ಸುತ್ತುತ್ತಿದ್ದೇವೆ. ಆ ಸುತ್ತಾಟದ ಜೊತೆಗೆ, ಇಂಥ ಏರುತಗ್ಗಿನ ಸೀಮೆಗೆ ಎಂಥ ಸೈಕಲ್ ಕೊಳ್ಳಬೇಕು ಎಂಬ ವಿಚಾರವನ್ನೂ ಓದುಗರ ಮುಂದಿಡುತ್ತಿದ್ದೇವೆ. ಬೆಟ್ಟದ ಸೀಮೆಯಲ್ಲಿರುವ ಕುಟುಂಬಗಳಿಗೆ ಇದು ಉಪಯೋಗಕ್ಕೆ ಬಂದೀತು.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಒಂದೇ ಸಮಯಕ್ಕೆ ಮೂರು ಕಡೆಯಿಂದ. ನಮಗೆ ರಕ್ತದಲ್ಲಿ ಸಕ್ಕರೆ ಏರಿ, ವೈದ್ಯರು ಮಾತ್ರೆಯ ಜೊತೆಗೆ ದಿನಕ್ಕೆ ಮುಕ್ಕಾಲು ಗಂಟೆ ಮೈ ಬೆವರಿಸಲು ಹೇಳಿದ್ದರು. ಮೊಣಕಾಲು ನೋವಿನಿಂದ ದೀರ್ಘ ನಡಿಗೆ ಆಗುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಮೊಮ್ಮಗನಿಗೆ ತೋಟದ ಹಾದಿಗಳಲ್ಲಿ, ಘಾಟಿಯಲ್ಲಿ ಸೈಕಲ್ ಓಡಿಸುವ ಹುಮ್ಮಸ್ಸು. ತಮ್ಮನಿಗೆ ಪೇಟೆಯೊಳಗೆ ಮೆಣಸಿನ ಮಾದರಿ ಚೀಲ ಒಯ್ಯಲು ಒಂದು ಗಾಡಿ ಬೇಕಿತ್ತು. ಮೂರು ಕೆಲಸಕ್ಕೆ ಮೂರು ಸೈಕಲ್ ಎಂದು ಕಲ್ಲಿಕೋಟೆಯ ಅಂಗಡಿಯವರು ಲೆಕ್ಕ ಕೊಟ್ಟರು. ಟಾರು ರಸ್ತೆಗೆ ಒಂದು ಜಾತಿ, ಮಣ್ಣಿನ ಹಾದಿಗೆ ಒಂದು, ಇಳಿಜಾರಿಗೆ ಒಂದು, ಹೊರೆಗೆ ಇನ್ನೊಂದು. ನಾವು ಹೇಳಿದ್ದು, ಒಂದು ಮನೆಗೆ ಒಂದೇ ಸೈಕಲ್; ಅದು ಮೂರು ಕೆಲಸವನ್ನೂ ಮಾಡಬೇಕು, ಹತ್ತು ಮಳೆಗಾಲ ತಾಳಬೇಕು. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಬೇಕೆಂದು ಹಿರಿಯರು ಹೇಳಿದ ಮಾತು ಕೊಟ್ಟಿಗೆಗೂ ಸಲ್ಲುತ್ತದೆ. ಆದರೆ ಸೊಸೆ ಕೇಳಿದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. "ಮಾವ, ಹುಡುಗ ಘಾಟಿ ಇಳಿಯುವಾಗ ಬ್ರೇಕು ಹಿಡಿಯದಿದ್ದರೆ?" ಬೆಲೆ, ಬಣ್ಣ, ಹೆಸರು ಎಲ್ಲವೂ ಆ ಪ್ರಶ್ನೆಯ ನಂತರ.

ನಮ್ಮ ಕಾಲದ ಕರಿ ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್ಲುಗಳು ಗಟ್ಟಿಯೇನೋ ಹೌದು. ಆದರೆ ಅವಕ್ಕೆ ಗೇರಿಲ್ಲ, ಏರಿನಲ್ಲಿ ಇಳಿದು ತಳ್ಳಬೇಕು. ಅಗಲ ಟಯರಿನ, ಗೇರುಳ್ಳ ಬೆಟ್ಟದ ಸೈಕಲ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1970ರ ದಶಕದಲ್ಲಿ. ಸ್ಯಾನ್‌ಫ್ರಾನ್ಸಿಸ್ಕೋ ಬಳಿಯ ಮರಿನ್ ಸೀಮೆಯಲ್ಲಿ ಟಮಲ್‌ಪೈಸ್ ಎಂಬ ಬೆಟ್ಟವಿದೆ. ಅಲ್ಲಿನ ಹುಡುಗರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಮಣ್ಣಿನ ಹಾದಿಯಲ್ಲಿ ಇಳಿಸಿ ಪಂದ್ಯ ಆಡುತ್ತಿದ್ದರು. 1976ರಲ್ಲಿ ಶುರುವಾದ ಒಂದು ಪಂದ್ಯಕ್ಕೆ 'ರೀಪ್ಯಾಕ್' ಎಂದೇ ಹೆಸರು ಬಿತ್ತು. ಹಿಂದಿನ ಚಕ್ರದ ಗುಂಬದೊಳಗಿನ ಬ್ರೇಕು ಇಳಿಜಾರಿನಲ್ಲಿ ಕಾದು, ಅದರ ಗ್ರೀಸೆಲ್ಲ ಸುಟ್ಟು ಹೊಗೆಯಾಗಿ, ಕೆಳಗೆ ಮುಟ್ಟಿದ ಮೇಲೆ ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತಂತೆ. ಬಳಿಕ ಜೋ ಬ್ರೀಜ್, ಟಾಮ್ ರಿಚಿ, ಗ್ಯಾರಿ ಫಿಶರ್ ಮೊದಲಾದವರು ಈ ಕೆಲಸಕ್ಕೆಂದೇ ಸೈಕಲ್ ಕಟ್ಟಿದರು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಇದು ಪಂದ್ಯವಾಗಿ ಸೇರಿತು. ಸೊಸೆ ಕೇಳಿದ ಬ್ರೇಕಿನ ಪ್ರಶ್ನೆ ಈ ಸೈಕಲ್ಲಿನ ಹುಟ್ಟಿನಷ್ಟೇ ಹಳೆಯದೆಂದು ಇದರಿಂದ ತಿಳಿಯುತ್ತದೆ.

ಈಗ ನಮ್ಮ ದಾರಿಗಳ ವಿಷಯಕ್ಕೆ ಬರುತ್ತೇವೆ. ಯಾವ ಸೈಕಲ್ ಬೇಕೆಂಬುದನ್ನು ದಾರಿಯೇ ಹೇಳುತ್ತದೆ.

ಮೊದಲನೆಯದು ಕಲ್ಪೆಟ್ಟದಿಂದ ಚುಂಡೇಲು, ವೈತ್ತಿರಿ ಮೂಲಕ ಲಕ್ಕಿಡಿಗೆ ಹೋಗುವ ಹೆದ್ದಾರಿ. ಎರಡೂ ಬದಿ ಚಹಾ ತೋಟ, ದೂರದಲ್ಲಿ 2,100 ಮೀಟರ್ ಎತ್ತರದ ಚೆಂಬ್ರ ಶಿಖರ. ದಾರಿಯಲ್ಲಿ ಪೂಕೋಡು ಕೆರೆ. ಕೇರಳದಲ್ಲಿ ಬಹಳ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಲಕ್ಕಿಡಿ ಒಂದು. ಇಲ್ಲಿಯೇ ಸಂಕೋಲೆ ಕಟ್ಟಿದ ಮರವಿದೆ. ಘಾಟಿಯ ದಾರಿಯನ್ನು ಇಂಗ್ಲಿಷರಿಗೆ ತೋರಿಸಿದ ಕರಿಂದಂಡನ್ ಎಂಬ ಆದಿವಾಸಿಯನ್ನು ಅವರೇ ಕೊಂದರೆಂದೂ, ಅವನ ಆತ್ಮವನ್ನು ಈ ಮರಕ್ಕೆ ಕಟ್ಟಿ ಹಾಕಿದರೆಂದೂ ಜನ ಹೇಳುತ್ತಾರೆ. ಅಲ್ಲಿಂದ ತಾಮರಶ್ಶೇರಿ ಘಾಟಿ ಒಂಬತ್ತು ಹಿಮ್ಮುರಿ ತಿರುವುಗಳಲ್ಲಿ ಕೆಳಗಿನ ಅಡಿವಾರಕ್ಕೆ ಇಳಿಯುತ್ತದೆ. ಹಗಲೂ ರಾತ್ರಿ ಲಾರಿ ಬಸ್ಸುಗಳ ಸಾಲು.

ಈ ದಾರಿ ಎರಡು ವಿಷಯ ಕಲಿಸುತ್ತದೆ, ಗೇರು ಮತ್ತು ಬ್ರೇಕು. ನಮ್ಮ ಸೈಕಲ್ಲಿನಲ್ಲಿ ಮುಂದಿನ ಅತಿ ಚಿಕ್ಕ ಚಕ್ರಕ್ಕೆ 22 ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ 32. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ ಒಂದೂವರೆ ಮೀಟರಿನಷ್ಟು ಮಾತ್ರ ಮುಂದೆ ಹೋಗುತ್ತದೆ. ನಿಧಾನ, ಆದರೆ ಅರವತ್ತು ದಾಟಿದ ಮೊಣಕಾಲಿಗೂ ಭಾರವಿಲ್ಲ. ಸಮತಟ್ಟಿನಲ್ಲಿ ಮುಂದೆ 42, ಹಿಂದೆ 11 ಹಲ್ಲಿಗೆ ಹಾಕಿದರೆ ಅದೇ ಒಂದು ತುಳಿತಕ್ಕೆ ಎಂಟು ಮೀಟರಿಗೂ ಮಿಕ್ಕಿ ಓಡುತ್ತದೆ. ಗೇರಿನ ಸಂಖ್ಯೆ ಎಷ್ಟು ಎಂದು ಕೇಳುವುದಕ್ಕಿಂತ ಅತಿ ಹಗುರ ಗೇರು ಎಷ್ಟು ಹಗುರ ಎಂದು ಕೇಳುವುದು ಬುದ್ಧಿವಂತಿಕೆ.

ಬ್ರೇಕಿನಲ್ಲಿ ರಿಮ್ಮನ್ನು ಹಿಡಿಯುವ ರಬ್ಬರಿನದು ಮಳೆಯಲ್ಲಿ ಜಾರುತ್ತದೆ. ಕೆಸರು ಕೂತರೆ ರಿಮ್ಮೇ ಸವೆಯುತ್ತದೆ. ಡಿಸ್ಕ್ ಬ್ರೇಕು ಬೇಕೇ ಬೇಕು. ಅದರಲ್ಲಿ ಕೇಬಲ್ಲಿನಿಂದ ಎಳೆಯುವುದು ಒಂದು, ಎಣ್ಣೆಯ ಒತ್ತಡದಿಂದ ಹಿಡಿಯುವುದು ಇನ್ನೊಂದು. ಕೇಬಲ್ಲಿನದನ್ನು ಎಲ್ಲಿ ಬೇಕಾದರೂ ರಿಪೇರಿ ಮಾಡಬಹುದು. ಎಣ್ಣೆಯದಕ್ಕೆ ಎರಡೇ ಬೆರಳಿನ ಬಲ ಸಾಕು, ಪ್ಯಾಡು ಸವೆದಂತೆ ತಾನೇ ಹೊಂದಿಕೊಳ್ಳುತ್ತದೆ. ನಾವು ನಮ್ಮ ಊರಿನ ಸೈಕಲ್ ಮೇಸ್ತ್ರಿಯನ್ನು ಕೇಳಿದೆವು. ಆತ "ಮಿನರಲ್ ಎಣ್ಣೆಯ ಬ್ರೇಕಾದರೆ ನಾನೇ ಎಣ್ಣೆ ಬದಲಿಸಿ ಗಾಳಿ ತೆಗೆದು ಕೊಡುತ್ತೇನೆ ಯಜಮಾನರೆ" ಎಂದ ಮೇಲೆಯೇ ಎಣ್ಣೆಯ ಬ್ರೇಕಿಗೆ ಒಪ್ಪಿದ್ದು. ಕೆಲವು ಕಂಪೆನಿಗಳ ಬ್ರೇಕಿಗೆ ಮಿನರಲ್ ಎಣ್ಣೆ, ಕೆಲವಕ್ಕೆ ಕಾರಿಗೆ ಹಾಕುವ ಬ್ರೇಕ್ ಆಯಿಲ್; ಒಂದಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರು ಹಾಳಾಗಿ ಬ್ರೇಕೇ ಕೈಕೊಡುತ್ತದೆ. ಘಾಟಿ ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡಿರಬಾರದು. ತಿರುವಿಗೆ ಮೊದಲು ಎರಡೂ ಬ್ರೇಕು ಹಿಡಿದು ವೇಗ ತಗ್ಗಿಸಿ, ಮತ್ತೆ ಬಿಡಬೇಕು. ಇದನ್ನು ಮೊಮ್ಮಗನಿಗೆ ವೈತ್ತಿರಿಯ ಚಿಕ್ಕ ಇಳಿಜಾರಿನಲ್ಲಿ ಒಂದು ತಿಂಗಳು ಅಭ್ಯಾಸ ಮಾಡಿಸಿದ ನಂತರವೇ ಘಾಟಿಗೆ ಬಿಟ್ಟೆವು, ಅದೂ ಬೆಳಿಗ್ಗೆ ಲಾರಿ ಕಡಿಮೆ ಇರುವ ಹೊತ್ತಿನಲ್ಲಿ.

ಎರಡನೆಯ ದಾರಿ ಪಡಿಞ್ಞಾರತ್ತರದ ಬಾಣಾಸುರಸಾಗರಕ್ಕೆ ಹೋಗುವುದು. ಕಬಿನಿಯ ಉಪನದಿಗೆ ಕಟ್ಟಿದ ಈ ಅಣೆಕಟ್ಟು ನಮ್ಮ ದೇಶದ ಅತಿ ದೊಡ್ಡ ಮಣ್ಣಿನ ಅಣೆಕಟ್ಟುಗಳಲ್ಲಿ ಹೆಸರಾದದ್ದು. ಮುಖ್ಯ ರಸ್ತೆ ಬಿಟ್ಟು ತೋಟಗಳ ನಡುವಿನ ಹಾದಿ ಹಿಡಿದರೆ ವಯನಾಡಿನ ನಿಜವಾದ ರೂಪ ಕಾಣುತ್ತದೆ. ಕಾಫಿ ಹೂ ಬಿಟ್ಟ ಕಾಲದಲ್ಲಿ ಮಲ್ಲಿಗೆಯಂಥ ಪರಿಮಳ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಬತ್ತದ ಗದ್ದೆ, ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ. ಕಾರಿನಲ್ಲಿ ಹೋದವರಿಗೆ ಈ ಪರಿಮಳ ಸಿಗುವುದಿಲ್ಲ.

ಈ ಹಾದಿಯ ಮಣ್ಣು ಬೇಸಿಗೆಯಲ್ಲಿ ಧೂಳು, ಮಳೆಯಲ್ಲಿ ಬೆಣ್ಣೆ. ಇಲ್ಲಿ ಟಯರೇ ದೇವರು. ಸುಮಾರು ಎರಡೂಕಾಲು ಅಂಗುಲ ಅಗಲದ್ದು ಎಲ್ಲ ದಾರಿಗೂ ಸರಿ. ನಡುವೆ ಗುಬುಟುಗಳು ಒತ್ತೊತ್ತಾಗಿ, ಅಂಚಿನಲ್ಲಿ ಬಿಡಿಬಿಡಿಯಾಗಿ ಎದ್ದಿರಬೇಕು. ಟಾರಿನಲ್ಲಿ ಗಾಳಿ ಗಟ್ಟಿ, ಮಣ್ಣಿನಲ್ಲಿ ಸ್ವಲ್ಪ ಸಡಿಲ. ನಮ್ಮ ತೂಕಕ್ಕೆ ಟಾರಿನಲ್ಲಿ 45 ಪೌಂಡ್, ತೋಟದಲ್ಲಿ 32 ಹಿತವಾಗುತ್ತದೆ. ಹೀಗೆ ಒಂದು ಕೈಪಂಪು ಎರಡು ಸೈಕಲ್ಲಿನ ಕೆಲಸ ಮಾಡುತ್ತದೆ. ಸಸ್ಪೆನ್ಶನ್ ವಿಷಯದಲ್ಲಿ ಮೊಮ್ಮಗನಿಗೆ ಮುಂದೆ ಹಿಂದೆ ಎರಡೂ ಕಡೆ ಇರುವುದರ ಮೇಲೆ ಆಸೆ. "ಅಜ್ಜಾ, ಪಂದ್ಯದವರು ಅದನ್ನೇ ಇಟ್ಟುಕೊಳ್ಳುತ್ತಾರೆ" ಎಂದ. ಆದರೆ ಹಿಂದಿನ ಸಸ್ಪೆನ್ಶನ್ನಿನಲ್ಲಿ ಕೀಲುಗಳೂ ಬೇರಿಂಗುಗಳೂ ಹೆಚ್ಚು. ಕೆಸರು ಹೊಕ್ಕರೆ ಪ್ರತಿ ವರ್ಷ ಬಿಚ್ಚಬೇಕು. ಕಡಿಮೆ ಬೆಲೆಯಲ್ಲಿ ಸಿಗುವ ಅಂಥ ಸೈಕಲ್ ಬರೀ ಭಾರ, ಏರಿನಲ್ಲಿ ತುಳಿದ ಬಲವನ್ನು ಸ್ಪ್ರಿಂಗೇ ನುಂಗುತ್ತದೆ. ಮುಂದೆ ಮಾತ್ರ ಸಸ್ಪೆನ್ಶನ್, ಬೇಡವಾದಾಗ ಅದನ್ನು ಬಿಗಿ ಮಾಡುವ ಗುಂಡಿ, ಹಿಂದೆ ಗಟ್ಟಿ ಫ್ರೇಮು. ಇದು ಎಲ್ಲ ಕೆಲಸಕ್ಕೂ ಒಪ್ಪುವ ಮಧ್ಯಮ ಮಾರ್ಗ.

ಮೂರನೆಯದು ಬತ್ತೇರಿಯ ದಾರಿ, ಮೀನಂಗಾಡಿ ಮೂಲಕ ಸುಮಾರು 24 ಕಿಲೋಮೀಟರ್. ಬತ್ತೇರಿಯಲ್ಲಿ ಹಿಂದೆ ನಮ್ಮವರ ಹನ್ನೆರಡು ಕೇರಿಗಳಿದ್ದು 'ಹನ್ನೆರಡು ಬೀದಿ' ಎಂಬ ಕನ್ನಡ ಹೆಸರೇ ಊರಿಗಿತ್ತು. ಟೀಪು ಅಲ್ಲಿನ ಕಲ್ಲಿನ ಬಸದಿಯನ್ನು ಮದ್ದುಗುಂಡಿನ ಉಗ್ರಾಣವಾಗಿ ಬಳಸಿದ ಮೇಲೆ ಬಂದದ್ದು ಈಗಿನ ಹೆಸರು. ಬಸದಿ ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಈ ದಾರಿಯಲ್ಲಿ ನಾವು ಹೊರೆ ಒಯ್ಯುತ್ತೇವೆ. ಆದ್ದರಿಂದ ಫ್ರೇಮಿನಲ್ಲಿ ಕ್ಯಾರಿಯರ್ ಮತ್ತು ಮಡ್ಗಾರ್ಡಿಗೆ ತೂತುಗಳಿವೆಯೇ ಎಂದು ಕೊಳ್ಳುವಾಗಲೇ ನೋಡಿದ್ದೆವು. ಎಷ್ಟೋ ಚಂದದ ಸೈಕಲ್ಲುಗಳಲ್ಲಿ ಅದಿಲ್ಲ. ಕಾರ್ಬನ್ ಫ್ರೇಮು ಹಗುರ, ಆದರೆ ಕಲ್ಲಿನ ಪೆಟ್ಟಿಗೆ ಒಳಗೇ ಬಿರುಕು ಬಿಟ್ಟರೆ ಹೊರಗೆ ಕಾಣದು. ಅಲ್ಯೂಮಿನಿಯಂ ತುಕ್ಕು ಹಿಡಿಯದು, ಒಳ್ಳೆಯ ಉಕ್ಕನ್ನು ಮೇಸ್ತ್ರಿ ಬೆಸುಗೆ ಹಾಕಬಲ್ಲ. ನಮ್ಮ ಮಳೆಗೆ ಅಲ್ಯೂಮಿನಿಯಂ ಆರಿಸಿದೆವು. ಬತ್ತೇರಿಯಿಂದ ಆಚೆ ಮುತ್ತಂಗದ ಕಾಡು. ಬಂಡೀಪುರದ ಭಾಗದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧವಿದೆ. ಸೈಕಲ್ಲಿನವರು ಹಗಲಿನಲ್ಲೂ ಆ ಕಾಡಿಗೆ ಒಂಟಿಯಾಗಿ ಹೋಗಬಾರದು. ಆನೆಗೆ ಸೈಕಲ್ಲಿನ ಗಂಟೆ ಅರ್ಥವಾಗದು.

ಕೊಳ್ಳುವಾಗ ಇನ್ನು ಮೂರು ಸಂಗತಿ ಗಮನಿಸಬೇಕು. ಒಂದು, ಅಳತೆ. ಸೈಕಲ್ಲಿನ ನಡುಕೊಳವೆಯ ಮೇಲೆ ಕಾಲು ಹಾಕಿ ನಿಂತರೆ ಎರಡಂಗುಲ ಬಿಡುವಿರಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿಗೆ ಇಟ್ಟಾಗ ಕಾಲು ನೇರವಾಗಬೇಕು. ನಾವೂ ತಮ್ಮನೂ ಮೊಮ್ಮಗನೂ ಹೆಚ್ಚುಕಡಿಮೆ ಒಂದೇ ಎತ್ತರ, ಐದಡಿ ಆರಂಗುಲ. ಒಂದೇ ಸೈಕಲ್ ಸಾಕಾದದ್ದು ಇದರಿಂದ. ಎರಡು, ಹಿಂದಿನ ಚಕ್ರದ ಹಲ್ಲುಗಳ ಗುಂಪು. ಅದನ್ನು ಮರೆಯಂತೆ ತಿರುಗಿಸಿ ಕೂರಿಸಿದ ಹಳೆಯ ರೀತಿಯಾದರೆ ಭಾರ ಹೊತ್ತಾಗ ಅಚ್ಚು ಬಾಗುವುದುಂಟು. ಕ್ಯಾಸೆಟ್ ರೀತಿಯದು ಗಟ್ಟಿ. ಎಂಟು ಹಲ್ಲುಚಕ್ರದ ಕ್ಯಾಸೆಟ್ಟೂ ಚೈನೂ ಅಗ್ಗ, ಎಲ್ಲೆಡೆ ಸಿಗುತ್ತವೆ. ಮೂರು, ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲು ನೋಡಿ ಹಣ ಕೊಡಿ.

ಸೈಕಲ್ ಬಾಳುವುದು ಅಂಗಡಿಯಲ್ಲಿ ನಿರ್ಧಾರವಾಗುವುದಿಲ್ಲ, ಮನೆಯಲ್ಲಿ. ಮಳೆಯಲ್ಲಿ ಹೋಗಿ ಬಂದ ದಿನ ಕೆಸರು ತೊಳೆದು, ಚೈನು ಒರಸಿ ಎಣ್ಣೆ ಹನಿಸಬೇಕು. ಡಿಸ್ಕಿನ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು. ಚೈನಿನ ಸವಕಳಿಗೆ ಅಡಿಕೋಲೇ ತಕ್ಕಡಿ. ಹೊಸ ಚೈನಿನ 24 ಕೊಂಡಿ ಸರಿಯಾಗಿ ಒಂದಡಿ. ಒಂದಡಿಯ ಮೇಲೆ ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚಾದ ಕೂಡಲೇ ಚೈನು ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ. ಎಂಟನೇ ಒಂದು ಭಾಗವಾಗುವವರೆಗೆ ಬಿಟ್ಟರೆ ಎರಡಕ್ಕೂ ಹಣ ತೆರಬೇಕು. ಬ್ರೇಕಿನ ಪ್ಯಾಡಿನಲ್ಲಿ ಒಂದು ಮಿಲಿಮೀಟರ್ ಉಳಿದಾಗ ಬದಲಿಸಬೇಕು. ಮಳೆ ಕೆಸರಿಗೆ ಲೋಹದ ಪುಡಿ ಬೆರೆತ ಪ್ಯಾಡು ಹೆಚ್ಚು ಬಾಳುತ್ತದೆ.

ಒಂದು ಮಾತು ಭಾರವಾದ ಮನಸ್ಸಿನಿಂದ ಹೇಳಬೇಕು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲ ಊರುಗಳು ಗುಡ್ಡ ಜರಿದು ಕೊಚ್ಚಿಹೋದವು. ಅಲ್ಲಿನ ತೋಟದ ಹಾದಿಗಳಲ್ಲಿ ನಾವು ಓಡಾಡಿದ್ದೆವು. ಜೋರು ಮಳೆಯ ಎಚ್ಚರಿಕೆ ಬಂದ ದಿನ ಎಷ್ಟೇ ಒಳ್ಳೆಯ ಸೈಕಲ್ಲಿದ್ದರೂ ಗುಡ್ಡದ ಬುಡಕ್ಕೆ ಹೋಗಬಾರದೆಂಬುದು ನಮ್ಮ ಮನೆಯ ಕಟ್ಟಳೆ.

ಮೂರು ಮಳೆಗಾಲ ಕಳೆದಿವೆ. ಎರಡು ಚೈನು, ಮೂರು ಜೊತೆ ಪ್ಯಾಡು, ಒಂದು ಜೊತೆ ಟಯರು ಖರ್ಚಾಗಿದೆ. ಬೆಳಿಗ್ಗೆ ನಾವು ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ದರ್ಶನಕ್ಕೆ ಆರು ಕಿಲೋಮೀಟರ್ ಹೋಗಿ ಬರುತ್ತೇವೆ, ಹಗಲು ತಮ್ಮ ಪೇಟೆಗೆ ಒಯ್ಯುತ್ತಾನೆ, ರಜಾ ದಿನ ಮೊಮ್ಮಗನ ಪಾಲು. ಸಕ್ಕರೆಯ ಲೆಕ್ಕ ನೋಡಿ ವೈದ್ಯರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದಾರೆ. ಬಾಂಧವರು ವಯನಾಡಿಗೆ ಬರುವಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬರಲಿ. ಮಕ್ಕಳಿಗೆ ಸೈಕಲ್ ಕೊಡಿಸುವವರು ಅತಿ ವೇಗದ್ದನ್ನು ಹುಡುಕದೆ, ತಮ್ಮ ಊರಿನ ಮೇಸ್ತ್ರಿ ಬಿಚ್ಚಿ ಜೋಡಿಸಬಲ್ಲದ್ದನ್ನು ಹುಡುಕಲಿ. ಅಂಥದ್ದು ಒಂದಿದ್ದರೆ ಎರಡನೆಯದರ ಅವಶ್ಯಕತೆ ಬೀಳುವುದಿಲ್ಲ.