ರೇಡಿಯೇಟರಿನ ಮುಚ್ಚಳ

ಅವ್ವನನ್ನು ಕಾಲು ಚಾಚಿ ಕೂಡ್ರಿಸಿ ಧಾರವಾಡಕ್ಕೆ ಕರೆದೊಯ್ಯಲೆಂದೇ ಹಳೆಯ ಸ್ಟೇಷನ್ ವ್ಯಾಗನ್ ಕೊಂಡಿದ್ದೆ. ಪುಣೆ ಬಿಟ್ಟು ಖಂಬಾಟಕಿ ಘಾಟ ಏರುವಾಗಲೇ ಬಾನೆಟ್ಟಿನಿಂದ ಹಬೆ! ದಾರಿಯ ಮೆಕ್ಯಾನಿಕ್, "ಹೆಡ್ ಗ್ಯಾಸ್ಕೆಟ್ ಹೋಗಿದೆ, 18,000 ಆದೀತು" ಎಂದ. ಗುಮಾಸ್ತನ ಎದೆ ಧಸಕ್ಕೆಂದಿತು. ಆದರೆ ಅವ್ವನ ಬಿಲ್ವಾರ ಒತ್ತೆಯಿಟ್ಟು ಓದಿದ ಬಿ.ಎಸ್ಸಿ. ಸುಮ್ಮನಿರಬೇಕಲ್ಲ! ಗ್ಯಾಸ್ಕೆಟ್ ಒಡೆದು ನೀರು ಬೆರೆತರೆ ಎಂಜಿನ್ ಎಣ್ಣೆ ಹಾಲು ಕಲಸಿದಂತಾಗುತ್ತದೆ. ಕಡ್ಡಿ ಎಳೆದು ನೋಡಿದೆ, ಕಪ್ಪಗೇ ಇತ್ತು. ಒತ್ತಡವಿದ್ದರೆ ನೀರು 100 ಡಿಗ್ರಿ ದಾಟಿದರೂ ಕುದಿಯದು. ಆ ಒತ್ತಡ ಕಾಯುವುದು ರೇಡಿಯೇಟರಿನ ಮುಚ್ಚಳ. ಎಂಜಿನ್ ಪೂರಾ ಆರಿದ ಮೇಲೆ ತೆಗೆದರೆ, ಅದರ ರಬ್ಬರು ಸೀಳಿತ್ತು. ಹೊಸದಕ್ಕೆ 250 ರೂಪಾಯಿ.

"ನನ್ನ ಬಿಲ್ವಾರ ದಂಡ ಆಗಲಿಲ್ಲ ಬಿಡಪಾ" ಎಂದಳು ಅವ್ವ.

ಊರಿನಲ್ಲಿ ಥರ್ಮೋಸ್ಟಾಟಿಗೆ ಮತ್ತೆ 1,400 ತೆತ್ತದ್ದನ್ನು ಅವಳಿಗೆ ಹೇಳಿಲ್ಲ.