16 ಕಿಲೋಮೀಟರ್ ಮತ್ತು ಒಂದು ಪ್ಲಾಸ್ಟಿಕ್ ಕುರ್ಚಿ

ಮ್ಯಾಪಲ್ಲಿ ಕೆಂಗೇರಿ ಮೇಲೆ ಬೆರಳಿಟ್ಟು 16 ಕಿಲೋಮೀಟರ್ ತ್ರಿಜ್ಯದ ಒಂದು ವೃತ್ತ ಎಳೀರಿ. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ ಎಲ್ಲ ಒಳಗೆ. ಯಶವಂತಪುರವೂ ಒಳಗೆ, ಆ ಕಡೆ ಬಿಡದಿ ಹತ್ತಿರಕ್ಕೆ ಹೋಗುತ್ತೆ. ಅಣುವಿದ್ಯುತ್ ಸ್ಥಾವರದ ಸುತ್ತ ಇಷ್ಟು ಜಾಗಕ್ಕೆ ತುರ್ತು ಯೋಜನೆ ಇರಬೇಕು ಅನ್ನೋದು ನಮ್ಮ ದೇಶದ ಲೆಕ್ಕ. ಅಮೆರಿಕದವರ 10 ಮೈಲಿಯೂ ಇದೇ. ಸಂಜೆ ಆರಕ್ಕೆ ನಾಯಂಡಹಳ್ಳಿ ಜಂಕ್ಷನ್ ದಾಟಿದವರಿಗೆ, ಇಷ್ಟು ಜಾಗ ಖಾಲಿ ಮಾಡಿಸೋದು ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕದಲ್ಲಿ ಈ ವೃತ್ತ ನಿಜವಾಗಿ ಇರೋದು ಕೈಗಾ ಸುತ್ತ. ಕಾರವಾರ ತಾಲ್ಲೂಕು, ಕಾಳಿ ನದಿ ದಡ, ದಟ್ಟ ಕಾಡು, 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್. ನನ್ನ ರೂಮ್‌ಮೇಟ್ ಕದ್ರಾ ಕಡೆಯವನು. "ಮಗಾ, ನಿಮ್ಮ ಪಿಜಿ ಗೀಸರ್ ಕಾಯೋದು ನಮ್ಮೂರ ಕರೆಂಟಲ್ಲಿ" ಅಂತ ರೇಗಿಸ್ತಿರ್ತಾನೆ. (ಗ್ರಿಡ್ ಊರು ನೋಡಿ ಕರೆಂಟ್ ಹಂಚಲ್ಲ ಅಂತ ಇಲೆಕ್ಟ್ರಿಕಲ್ ಓದೋ ನಮ್ಮಿಬ್ಬರಿಗೂ ಗೊತ್ತು. ಆದರೂ ಮಾತಿಗೆ.)

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. 1994ರಲ್ಲಿ ಕಟ್ಟುತ್ತಿದ್ದಾಗಲೇ ಗುಮ್ಮಟದ ಕಾಂಕ್ರೀಟ್ ಕುಸಿದಾಗ ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ಅದೇ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ನನ್ನ ತಲೆ ತಿನ್ನೋದು ರಸ್ತೆ.

ಅಲ್ಲಿಂದ ಹೊರಗೆ ಬರೋಕೆ ಇರೋ ಮುಖ್ಯ ದಾರಿಗಳು ಇಷ್ಟೇ: ನದಿ ಪಕ್ಕದಲ್ಲೇ ಕಾರವಾರಕ್ಕೆ, ಅಣಶಿ ಘಾಟಿ ಹತ್ತಿ ಜೋಯಿಡಾಕ್ಕೆ, ಇನ್ನೊಂದು ಘಾಟಿ ಹತ್ತಿ ಯಲ್ಲಾಪುರಕ್ಕೆ. ಮಳೆಗಾಲದ ಗಾಳಿ ಕಡಲಿಂದ ಘಟ್ಟದ ಕಡೆ ಬೀಸುತ್ತೆ. ಹಾಗಾಗಿ ಆ ತಿಂಗಳುಗಳಲ್ಲಿ ಏನಾದ್ರೂ ಆದರೆ ಹೋಗಬೇಕಾದ್ದು ಹೆಚ್ಚಾಗಿ ಕಾರವಾರದ ಕಡೆ. ಸರಿ, ಕಾರವಾರ ಮುಟ್ಟಿದಿರಿ. ಆಮೇಲೆ? 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ದಕ್ಷಿಣದ ಹೆದ್ದಾರಿ ಬಂದ್. ಆಗಸ್ಟ್ 7ಕ್ಕೆ ಗೋವಾ ಕಡೆಯ ಹಳೇ ಕಾಳಿ ಸೇತುವೆ ನದಿಗೆ ಬಿತ್ತು. ಒಂದೇ ಮಳೆಗಾಲ, ನಾಲ್ಕು ವಾರದೊಳಗೆ.

2019ರ ಆಗಸ್ಟಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನದಿ ದಡದ ಊರುಗಳಿಗೆ ನೀರು ನುಗ್ಗಿತು. ರೂಮ್‌ಮೇಟ್‌ನ ಅಜ್ಜಿಗೆ ನಡೆಯೋಕಾಗಲ್ಲ. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅವನಪ್ಪ ಮತ್ತು ಅಕ್ಕಪಕ್ಕದ ಮನೆಯವರು ಕೆಸರಲ್ಲಿ ಹೊತ್ತು ತಂದರು. ಡಾಂಬರು ರಸ್ತೆ ಮುಟ್ಟೋಕೇ 40 ನಿಮಿಷ. ಯೋಜನೆಯ ಗಡಿಯಾರ ಶುರುವಾಗೋದು ಬಸ್ಸಿನ ಬಾಗಿಲಿಂದಲೋ, ಅಜ್ಜಿಯ ಮಂಚದಿಂದಲೋ?

ಸ್ಥಾವರದ ಬೇಲಿಯ ಆಚೆಗೆ ತುರ್ತು ಬಂದರೆ ಜವಾಬ್ದಾರಿ ಜಿಲ್ಲಾಡಳಿತದ್ದು, ಮುಂದೆ ನಿಲ್ಲಬೇಕಾದವರು ಜಿಲ್ಲಾಧಿಕಾರಿ. ಎರಡು ವರ್ಷಕ್ಕೊಮ್ಮೆ ಊರಿನ ಮಟ್ಟದಲ್ಲಿ ಅಣಕು ಕಾರ್ಯಾಚರಣೆ ಆಗಬೇಕು. ಎಲ್ಲರನ್ನೂ ಬಸ್ಸಿಗೆ ತುಂಬೋದೇ ಮೊದಲ ಹೆಜ್ಜೆ ಅಂದ್ಕೋಬೇಡಿ. ಎಷ್ಟೋ ಸಲ ಕಿಟಕಿ ಬಾಗಿಲು ಮುಚ್ಚಿ ಒಳಗಿರೋದೇ ಒಳ್ಳೇದು. ಫುಕುಶಿಮಾದಲ್ಲಿ 2011ರಲ್ಲಿ ಆಸ್ಪತ್ರೆಯಿಂದ ಅವಸರದಲ್ಲಿ ಸಾಗಿಸಿದ ಎಷ್ಟೋ ವೃದ್ಧರು ಸತ್ತದ್ದು ವಿಕಿರಣದಿಂದಲ್ಲ, ಆ ಪ್ರಯಾಣದಿಂದ. ಅಯೋಡಿನ್ ಮಾತ್ರೆಯೂ ಇದೆ, ಥೈರಾಯ್ಡ್ ಕಾಪಾಡುತ್ತೆ. ಆದರೆ ವಿಕಿರಣಶೀಲ ಅಯೋಡಿನ್ ದೇಹ ಸೇರೋ ಮೊದಲು, ಅಥವಾ ಸೇರಿದ ಕೆಲವೇ ಗಂಟೆಯೊಳಗೆ ನುಂಗಬೇಕು. ಅಜ್ಜಿಯ ಮನೆಗೆ ಆ ಮಾತ್ರೆ ಹಿಡಿದು, ಅದೇ ಕೆಸರಲ್ಲಿ, ಯಾರು ನಡೀತಾರೆ? ಆಶಾ ಕಾರ್ಯಕರ್ತೆಯಾ? ಅವರ ಮನೆಯೂ ಅದೇ ವೃತ್ತದೊಳಗೇ ಇರುತ್ತಲ್ಲ.

ಈಗ ನಾಲ್ಕರ ಪಕ್ಕ 700 ಮೆಗಾವ್ಯಾಟ್‌ನ ಇನ್ನೆರಡು ಬರಲಿವೆ. ಯೋಜನೆಯನ್ನು ಸರ್ಕಾರ ಮತ್ತೆ ಕೂತು ನೋಡೋಕೆ ಇದಕ್ಕಿಂತ ಕಾರಣ ಬೇಕಾ? ನಾನಾದ್ರೆ ಒಂದೇ ಕೇಳ್ತೀನಿ: ಅಣಕು ಕಾರ್ಯಾಚರಣೆ ಜುಲೈಯಲ್ಲಿ ಮಾಡಿ. ಕರೆಂಟ್ ಹೋಗಿ, ಸಿಗ್ನಲ್ ಸತ್ತು, ಒಂದು ಘಾಟಿ ಬಂದ್ ಆದ ದಿನ.

ರೂಮ್‌ಮೇಟ್ ಮೊನ್ನೆ ಫೋನಲ್ಲಿ ಅಪ್ಪನ್ನ ಕೇಳಿದ, ಮುಂದಿನ ಸಲ ಡ್ರಿಲ್ ಆದ್ರೆ ಅಜ್ಜಿನೂ ಕರ್ಕೊಂಡು ಹೋಗ್ತೀರಾ ಅಂತ. ಸ್ಪೀಕರ್ ಆನ್ ಇತ್ತು.

"ಮಳೆ ಇಲ್ದಿದ್ರೆ ನೋಡ್ವ" ಅಂದ್ರು.